ಮಿಶ್ರ ಬಳಕೆಯಲ್ಲಿ ಬೆರೆಯದವರು

ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡಿನಲ್ಲಿ ಈಗ ಏಳುತ್ತಿರುವುದು ಊರಿನೊಳಗೊಂದು ಊರು. ಒಂದೇ ಕಾಂಪೌಂಡಿನಲ್ಲಿ ವಾಸದ ಗೋಪುರಗಳು, ಐ.ಟಿ. ಕಚೇರಿ, ಮಾಲ್, ಹೋಟೆಲ್. ಇದಕ್ಕೆ ‘ಮಿಕ್ಸೆಡ್ ಯೂಸ್’ ಎಂದು ಹೆಸರು. ಮಿಶ್ರ ಬಳಕೆ ಎನ್ನೋಣ. ದುಡಿಯುವಲ್ಲೇ ವಾಸ, ವಾಸವಿರುವಲ್ಲೇ ಸಂತೆ. ಕಲ್ಪನೆ ಒಳ್ಳೆಯದೇ, ನಮಗೆ ಹೊಸದೂ ಅಲ್ಲ. ನಮ್ಮ ಹಳೆಯ ಪೇಟೆಗಳಲ್ಲಿ ಮುಂದೆ ಅಂಗಡಿ, ಹಿಂದೆ ಮಗ್ಗ, ಮೇಲೆ ಮನೆ ಇರುತ್ತಿತ್ತು. ಹಾಗೆಂದು ಆ ಪೇಟೆಗಳನ್ನು ಸುಮ್ಮನೆ ಹೊಗಳಲಾರೆ. ಅಲ್ಲಿಯೂ ಕೇರಿಗಳಿದ್ದವು, ಕೇರಿಗೊಂದು ಕಾಣದ ಗೋಡೆಯಿತ್ತು. ಹೊಸ ಊರಿನ ಗೋಡೆ ಕಣ್ಣಿಗೆ ಕಾಣುತ್ತದೆ. ಅದರ ಗೇಟಿನಲ್ಲಿ ನಿಂತು ನಾನು ಕೇಳುವ ಪ್ರಶ್ನೆ ಒಂದೇ: ಇಲ್ಲಿ ಬೆರೆತವರು ಯಾರು?

1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ಬಾಳಲೆಂದು 3,900 ಎಕರೆ ಭೂಮಿ ಕೊಟ್ಟದ್ದರಿಂದ ಹುಟ್ಟಿದ ಊರು ಇದು. ನೂರು ವರ್ಷಕ್ಕೂ ಮಿಕ್ಕು ಅದು ತೋಟ, ಕೆರೆ, ಹೆಂಚಿನ ಮನೆಗಳ ಊರಾಗಿಯೇ ಉಳಿಯಿತು. 1998ರ ಹೊತ್ತಿಗೆ ಸಿಂಗಪುರದವರ ಸಹಭಾಗಿತ್ವದ ಟೆಕ್ ಪಾರ್ಕ್ ಬಾಗಿಲು ತೆರೆಯಿತು. ಜನರ ಬಾಯಲ್ಲಿ ಅದು ಐ.ಟಿ.ಪಿ.ಎಲ್. ಆಮೇಲೆ ನೂರು ಎಕರೆ ಮೀರಿದ ಶಾಂತಿನಿಕೇತನದಂಥ ಬಡಾವಣೆಗಳು ಬಂದವು. 2023ರ ಮಾರ್ಚಿನಲ್ಲಿ ಕಾಡುಗೋಡಿಗೆ ಮೆಟ್ರೊ ಮುಟ್ಟಿತು, ಅಕ್ಟೋಬರಿನಲ್ಲಿ ನಡುವಿನ ಕೊಂಡಿಯೂ ಸೇರಿತು. ಹೂಡಿ, ಕುಂದಲಹಳ್ಳಿ, ಪಟ್ಟಂದೂರು ಅಗ್ರಹಾರ ಎಂಬ ಹಳ್ಳಿಗಳ ಹೆಸರು ಈಗ ನಿಲ್ದಾಣದ ಫಲಕಗಳ ಮೇಲಿದೆ.

ಇದನ್ನೆಲ್ಲ ಕಟ್ಟಿದವರು ಯಾರು? ಬಿಹಾರ, ಒಡಿಶಾ, ಜಾರ್ಖಂಡ್, ಬಂಗಾಳದವರು. ಅವರ ಜೊತೆಗೆ ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳದಿಂದ ಗುಳೆ ಬಂದ ನಮ್ಮವರು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲೇ ಬಿಟ್ಟು ಬಸ್ಸು ಹತ್ತುತ್ತಾರೆ. ಮೂವತ್ತನೆಯ ಅಂತಸ್ತಿಗೆ ಕಬ್ಬಿಣ ಕಟ್ಟುವವನು ರಾತ್ರಿ ಮಲಗುವುದು ತಗಡಿನ ಶೆಡ್ಡಿನಲ್ಲಿ. ಕಟ್ಟಡ ಮುಗಿದ ದಿನ ಶೆಡ್ಡೂ ಕಿತ್ತುಹೋಗುತ್ತದೆ.

ಕಾನೂನು ಇವರನ್ನು ಪೂರಾ ಮರೆತಿರಲಿಲ್ಲ. 1996ರ ಕೇಂದ್ರ ಕಾಯ್ದೆಗಳ ಬಲದಿಂದ ಕಟ್ಟಡದ ವೆಚ್ಚದ ಶೇ. 1ರಷ್ಟು ಸೆಸ್ ವಸೂಲಾಗಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತ ಬಂದಿದೆ. 500 ಕೋಟಿಯ ಕಾಮಗಾರಿಯಾದರೆ 5 ಕೋಟಿ. ಆದರೆ ಮಂಡಳಿಯ ಸೌಲಭ್ಯ ಬೇಕಾದರೆ ನೋಂದಣಿ ಆಗಿರಬೇಕು. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ಪ್ರಮಾಣಪತ್ರ ಬೇಕು. ಮೂರು ತಿಂಗಳಿಗೊಬ್ಬ ಮೇಸ್ತ್ರಿ ಬದಲಾಗುವಲ್ಲಿ ಅದನ್ನು ಬರೆದುಕೊಡುವವರು ಯಾರು? ಕಟ್ಟಡದ ಲೆಕ್ಕದಲ್ಲಿ ಹಣ ಮಂಡಳಿಗೆ ಹೋಗುತ್ತದೆ. ಕಟ್ಟಿದವನ ಕೈಯಲ್ಲಿ ಕಾರ್ಡಿಲ್ಲ.

2020ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಲಾಕ್‌ಡೌನಿನಲ್ಲಿ ಕೆಲಸ, ಕೂಲಿ ಎರಡೂ ನಿಂತು ಹೊರರಾಜ್ಯದ ಕಾರ್ಮಿಕರು ಊರಿಗೆ ಹೊರಟಾಗ, ಬಿಲ್ಡರುಗಳೊಡನೆ ಸಭೆ ನಡೆಸಿದ ಬೆನ್ನಿಗೇ ರಾಜ್ಯ ಸರ್ಕಾರ ಅವರ ವಿಶೇಷ ರೈಲುಗಳನ್ನು ರದ್ದುಗೊಳಿಸಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ತೀರ್ಮಾನ ಹಿಂದಕ್ಕೆ ಹೋಯಿತು. ಇವರಿಲ್ಲದೆ ಕೆಲಸ ಸಾಗದು ಎಂಬುದು ಎಲ್ಲರಿಗೂ ಗೊತ್ತಿತ್ತು ಎಂದಾಯಿತು. ಗೊತ್ತಿದ್ದೂ ಅವರಿಗೊಂದು ಸೂರು ನಕ್ಷೆಯಲ್ಲಿ ಬರಲಿಲ್ಲ.

ಮಕ್ಕಳ ಮಾತು ಇನ್ನೂ ಕಠಿಣ. 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಕಾಮಗಾರಿಯಲ್ಲಿ ಆರು ವರ್ಷದೊಳಗಿನ ಕೂಸುಗಳಿಗೆ ಕೋಣೆಯೊಂದು ಇರಬೇಕೆಂದು ಅದೇ 1996ರ ಕಾಯ್ದೆ ಹೇಳಿತ್ತು. ಒಂದೇ ಕಾಂಪೌಂಡಿನ ಕೆಲಸ ಹತ್ತು ಉಪಗುತ್ತಿಗೆಯಾಗಿ ಒಡೆದರೆ, ಯಾರ ಲೆಕ್ಕದಲ್ಲೂ ಐವತ್ತು ತುಂಬುವುದಿಲ್ಲ. ಅತ್ತ ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರಿಗಾಗಿ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಕಾಮಗಾರಿಯೊಂದರ ಬದಿಯಲ್ಲಿ, ಕಬ್ಬಿಣದ ಕೊಳವೆಗೆ ಸೀರೆಯ ಜೋಳಿಗೆ ಕಟ್ಟಿ ಕೂಸು ತೂಗುತ್ತಿದ್ದ ರಾಯಚೂರು ಸೀಮೆಯ ತಾಯಿಯ ಮುಂದೆ ಈ ಮಾತು ತೆಗೆದೆ. “ಊರಾಗ ಕೂಸಿನ ಮನಿ ಐತ್ರೀ, ಕೆಲಸ ಇಲ್ಲ. ಇಲ್ಲಿ ಕೆಲಸ ಐತಿ, ಕೂಸಿಗೆ ಮನಿ ಇಲ್ಲ” ಅಂದಳು. ದೊಡ್ಡ ಮಗಳು ಎರಡನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದಾಳಂತೆ. ತಮ್ಮನನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ!

ನೀರಿನ ಕತೆ ಓದುಗರಿಗೆ ಗೊತ್ತಿದ್ದದ್ದೇ. 2024ರ ಬೇಸಿಗೆಯಲ್ಲಿ ಈ ಭಾಗ ಟ್ಯಾಂಕರಿನ ದಾರಿ ಕಾದು ಕೂತಿತ್ತು. ಆ ಅಕ್ಟೋಬರಿನಲ್ಲಿ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ವೈಟ್‌ಫೀಲ್ಡಿನ ಕೆರೆಯೊಂದರ ಹೆಸರು ಶೀಲವಂತನ ಕೆರೆ. ಪಕ್ಕದ ವರ್ತೂರು ಕೆರೆ ನೊರೆ ಉಗುಳಿದ್ದನ್ನು ಕಂಡವರಿಗೆ ಆ ಹೆಸರು ಕೇಳುವಾಗ ನಾಚಿಕೆಯಾಗಬೇಕು.

ಶರಣ ಬಂಧುಗಳೇ, ಇಂಥ ಗೋಪುರಗಳಲ್ಲಿ ಫ್ಲಾಟ್ ಕೊಂಡವರಲ್ಲಿ ನಮ್ಮವರೂ ಬಹಳ ಮಂದಿ ಇದ್ದಾರೆ. ಗೋಡೆಯ ಮೇಲೆ ಬಸವಣ್ಣನವರ ಪಟ, ಬಾಯಲ್ಲಿ ಕಾಯಕದ ಮಾತು. ಅದೇ ಗೋಪುರದಲ್ಲಿ ಮನೆಗೆಲಸದವಳಿಗೆ ಬೇರೆ ಲಿಫ್ಟು, ಕಾವಲುಗಾರನಿಗೆ ನೆಲಮಾಳಿಗೆಯ ಮೂಲೆಯಲ್ಲಿ ಬುತ್ತಿ. ಇದನ್ನು ಸುರಕ್ಷತೆ, ಶಿಸ್ತು ಎಂದು ಕರೆಯುತ್ತಾರೆ. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರೊಂದಿದೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ಎದುರು ನಿಂತದ್ದು ಅದಕ್ಕೇ.

ನಕ್ಷೆಗೆ ಮಂಜೂರಾತಿ ಕೊಡುವಾಗ ಮನೆಗೆಷ್ಟು ಕಾರು, ಆ ಕಾರಿಗೆಷ್ಟು ಜಾಗ ಎಂದು ಅಳೆಯುತ್ತಾರೆ. ಆ ಕಾರು ಒರೆಸುವವನು ಎಲ್ಲಿ ಮಲಗುತ್ತಾನೆ ಎಂದೂ ಅದೇ ಹಾಳೆಯಲ್ಲಿ ಕೇಳಲಿ ಎಂಬುದು ನನ್ನ ಒತ್ತಾಯ. ಹೆಣ್ಣಾಳುಗಳ ಲೆಕ್ಕ ಗುತ್ತಿಗೆವಾರು ಬೇಡ, ಇಡೀ ಕಾಂಪೌಂಡಿಗೆ ಒಂದೇ ಇರಲಿ. ಶೆಡ್ಡಿನ ಮಕ್ಕಳ ಹೆಸರು ಹತ್ತಿರದ ಸರ್ಕಾರಿ ಶಾಲೆಯ ಹಾಜರಿಗೆ ಸೇರಿಸುವ ಹೊಣೆ ಬಿಲ್ಡರನ ಮೇಲಿರಲಿ.

ಇವು ಸರ್ಕಾರಕ್ಕೆ ಹೇಳಿದ ಮಾತು. ಫ್ಲಾಟಿನಲ್ಲಿರುವವರು ಅಸೋಸಿಯೇಷನ್ನಿನ ಮುಂದಿನ ಸಭೆಯಲ್ಲಿ ಲಿಫ್ಟಿನ ವಿಷಯ ಎತ್ತಬಹುದು. ಸ್ವಂತ ಮನೆ ಕಟ್ಟಿಸುತ್ತಿರುವವರು ಮೇಸ್ತ್ರಿಯನ್ನು ಕರೆದು, ಯಾವ ಆಳು ಎಷ್ಟು ದಿನ ದುಡಿದ ಎಂದು ಕೇಳಿ, ನೋಂದಣಿಗೆ ಬೇಕಾದ ಪ್ರಮಾಣಪತ್ರಕ್ಕೆ ಇದೇ ವಾರ ಸಹಿ ಹಾಕಿಕೊಡಿ.