ಅಳೆದು ಕೊಟ್ಟ ಬೆಳಕು

ಸಂಜೆ ಗಾಂಧಿಬಜಾರಿನಲ್ಲಿ ನನ್ನೊಡನೆ ತಿರುಗಾಡುವ ಮಿತ್ರರೊಬ್ಬರಿದ್ದಾರೆ. ಏಪ್ರಿಲ್ ತಿಂಗಳ ಸೆಕೆಯಲ್ಲಿಯೂ ಅವರು ತುಂಬುತೋಳಿನ ಅಂಗಿಯನ್ನೇ ತೊಡುವುದನ್ನು ಕಂಡು ಒಮ್ಮೆ ಹಾಸ್ಯ ಮಾಡಿದೆನು. ಅವರು ಮಾತನಾಡದೆ ತೋಳನ್ನು ಮೇಲಕ್ಕೆ ಮಡಿಸಿದರು. ಮೊಣಕೈಯ ಸುತ್ತ ಕೆಂಪು ದಡಿಕೆಗಳು. ಅವುಗಳ ಮೇಲೆ ಬೆಳ್ಳಿಯಂತೆ ಹೊಳೆಯುವ ಹೊಟ್ಟು. "ಸೋರಿಯಾಸಿಸ್" ಎಂದರು. ನನ್ನ ಕೈ ತಾನಾಗಿಯೇ ಅರ್ಧ ಅಂಗುಲ ಹಿಂದಕ್ಕೆ ಸರಿಯಿತು. ಅದನ್ನವರು ಕಂಡರು.

ವಾಚಕರೇ, ಈ ರೋಗವು ಅಂಟುಜಾಡ್ಯವಲ್ಲ. ಚರ್ಮದ ಕಣಗಳು ಅಡಿಯಿಂದ ಮೇಲಕ್ಕೆ ಬರಲು ಸಾಮಾನ್ಯವಾಗಿ ಸುಮಾರು 4 ವಾರಗಳು ಬೇಕು. ಇಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಅವುಗಳನ್ನು ಕೆಲವೇ ದಿನಗಳಲ್ಲಿ ಮೇಲಕ್ಕೆ ನೂಕುತ್ತದೆ. ಬಲಿಯದ ಕಣಗಳು ಒಂದರ ಮೇಲೊಂದು ಕೂಡಿ ಹೊಟ್ಟಾಗುತ್ತವೆ.

ಮಿತ್ರರಿಗೆ ವೈದ್ಯರು ವಿಧಿಸಿದ್ದು ಬೆಳಕಿನ ಚಿಕಿತ್ಸೆ. ವಾರಕ್ಕೆ 3 ಬಾರಿ, ಕಣ್ಣಿಗೆ ಕಪ್ಪು ಕನ್ನಡಕ ಧರಿಸಿ, ಆಳೆತ್ತರದ ಪೆಟ್ಟಿಗೆಯೊಳಗೆ ಕೊಳವೆದೀಪಗಳ ನಡುವೆ ನಿಲ್ಲಬೇಕು. ಮೊದಲು ಕೆಲವು ಸೆಕೆಂಡುಗಳು ಮಾತ್ರ; ಚರ್ಮ ಸಹಿಸಿದಂತೆ ಹೊತ್ತು ಬೆಳೆಯುತ್ತದೆ. "ನಮ್ಮ ಮಹಡಿಯ ಮೇಲೆ ಬಿಸಿಲಿಗೇನು ಬರ?" ಎಂದು ಕೇಳಿದೆನು. ಬಿಸಿಲಿನಲ್ಲಿ ಸುಡುವ ಕಿರಣವೂ ಮಾಯಿಸುವ ಕಿರಣವೂ ಬೆರೆತಿರುತ್ತವೆ. ಈ ದೀಪವಾದರೋ 311 ನ್ಯಾನೋಮೀಟರಿನ ಆಸುಪಾಸಿನ ಅತಿನೇರಳೆ ಕಿರಣವನ್ನೇ ಆಯ್ದು, ಅಳೆದು ಕೊಡುತ್ತದೆಯಂತೆ.

ಈ ವಿದ್ಯೆಗೂ ಒಂದು ವಂಶಾವಳಿಯುಂಟು. ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿದ ಡೆನ್ಮಾರ್ಕಿನ ಫಿನ್‌ಸೆನ್ನರಿಗೆ 1903ರಲ್ಲಿ ನೊಬೆಲ್ ಬಹುಮಾನ ದೊರೆಯಿತು. 1925ರಲ್ಲಿ ಅಮೆರಿಕದ ಗೋಕರ್‌ಮನ್ನರು ಕಲ್ಲಿದ್ದಲಿನ ಟಾರನ್ನೂ ಅತಿನೇರಳೆ ಕಿರಣವನ್ನೂ ಜೊತೆಗೂಡಿಸಿದರು. 1974ರಲ್ಲಿ ಸೊರಾಲೆನ್ ಎಂಬ ಔಷಧವನ್ನು ನುಂಗಿಸಿ ಕಿರಣ ಕೊಡುವ ಕ್ರಮ ಪ್ರಕಟವಾಯಿತು. ಆ ಜಾತಿಯ ದ್ರವ್ಯ ನಮ್ಮ ಗ್ರಂಥಿಗೆ ಅಂಗಡಿಯ ಬಾವಂಚಿ ಬೀಜದಲ್ಲಿಯೂ ಇದೆ! ತೊನ್ನಿಗೆ ಅದನ್ನು ಕೊಡುವುದು ನಮ್ಮ ವೈದ್ಯರ ಹಳೆಯ ಪದ್ಧತಿ. ಹಾಗೆಂದು ಯಾರೂ ಬೀಜ ಅರೆದು ಬಿಸಿಲಿಗೆ ನಿಲ್ಲದಿರಲಿ, ಬೊಬ್ಬೆಗಳೇ ಫಲ.

ಕನ್ನಡದ ಮೇಷ್ಟರಾದ ನನ್ನನ್ನು ಕಾಡಿದ್ದು ಒಂದು ಶಬ್ದ. ಆಯುರ್ವೇದದಲ್ಲಿ 'ಕುಷ್ಠ' ಎಂಬುದು 18 ಬಗೆಯ ಚರ್ಮರೋಗಗಳಿಗೆ ಒಟ್ಟು ಹೆಸರು. ಮೀನಿನ ಹುರುಪೆಯನ್ನು ಹೋಲುವ 'ಏಕಕುಷ್ಠ'ವು ಅವುಗಳಲ್ಲೊಂದು; ಸೋರಿಯಾಸಿಸ್ಸನ್ನು ಅನೇಕ ವೈದ್ಯರು ಇದಕ್ಕೇ ಹೋಲಿಸುತ್ತಾರೆ. ಕಾಲಾಂತರದಲ್ಲಿ ಜನರ ಬಾಯಲ್ಲಿ ಆ ಶಬ್ದವು ಒಂದೇ ರೋಗಕ್ಕೆ ನಿಂತಿತು. ಅದರ ಭಯವು ಮಾತ್ರ ಎಲ್ಲ ಕಲೆಗಳಿಗೂ ಹಬ್ಬಿತು. ಆ ಒಂದು ರೋಗವೂ ಇಂದು ಔಷಧದಿಂದ ವಾಸಿಯಾಗುತ್ತದೆ. ಭಯಕ್ಕೆ ಮಾತ್ರ ಇನ್ನೂ ವಾಸಿಯಾಗಿಲ್ಲ. ಮಲ್ಲೇಶ್ವರದ ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕದವರು ತಮ್ಮ ಎಲೆಯನ್ನು ದೂರ ಎಳೆದುಕೊಂಡ ದಿನದಿಂದ ಮಿತ್ರರು ತುಂಬುತೋಳನ್ನು ಹಿಡಿದರಂತೆ.

24 ಬಾರಿ ಬೆಳಕು ಪಡೆದ ಮೇಲೆ ಕಲೆಗಳು ಬಹುಮಟ್ಟಿಗೆ ಇಳಿದವು. ಮರುಕಳಿಸಬಹುದೆಂದು ವೈದ್ಯರು ಮರೆಮಾಚದೆ ತಿಳಿಸಿದ್ದಾರೆ. ಮೊನ್ನೆ ಅವರು ಅರೆತೋಳಿನ ಅಂಗಿಯಲ್ಲಿ ಬಂದರು. ಮೊಣಕೈಯಲ್ಲಿ ಒಂದು ಕಲೆ ಇನ್ನೂ ಉಳಿದಿತ್ತು. ರಸ್ತೆ ದಾಟುವಾಗ ನಾನು ಅಲ್ಲಿಯೇ ಹಿಡಿದುಕೊಂಡೆನು. ವೈದ್ಯರ ಬೆಳಕಿಗಾಗಿ ಕಾಯದೆ, ಆ ಮೊದಲ ದಿನವೇ ಹಿಡಿಯಬಹುದಾಗಿದ್ದ ಕೈ ಅದು.