ಕುರಿ ಕೊಯ್ದಲ್ಲಿ ನಾಯಿ ಕಾಯಬಾರದು

'ನಾಯಿ ಹುಟ್ಟಿದ್ದ ಹಸಿ ಮಾಂಸ ತಿನ್ನಾಕ. ಅದಕ್ಯಾಕ್ರಿ ಕುದಿಸಿ ಹಾಕೋದು?' ನಮ್ಮ ಅರಭಾವಿ ಕಡೆ ಈ ಮಾತು ಕೇಳದವರಿಲ್ಲ. ನಾಯಿ ಹಸಿ ಮಾಂಸ ಅರಗಿಸಿಕೊಳ್ಳುತ್ತದೆ, ನಿಜ. ಆದರೆ ಅದರಿಂದ ನಮಗೂ ನಮ್ಮ ಕುರಿಗಳಿಗೂ ಆಗುವ ಹಾನಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕುರಿ ಕೊಯ್ದಾಗ ಲಿವರ್, ಪುಪ್ಪುಸಗಳಲ್ಲಿ ಕೆಲವೊಮ್ಮೆ ನೀರು ತುಂಬಿದ ಬಿಳಿ ಗುಳ್ಳೆ ಕಾಣುತ್ತವೆ. 'ಇದು ಕೆಟ್ಟೈತಿ' ಎಂದು ಕತ್ತರಿಸಿ, ಕಾಯುತ್ತ ಕುಂತ ನಾಯಿಗೆ ಎಸೆಯುತ್ತೇವೆ. ಅದು ಹೈಡಾಟಿಡ್ ಗುಳ್ಳೆ. ಒಂದು ಲಾಡಿಹುಳದ ಮರಿಗಳ ಚೀಲ. ನಾಯಿಯ ಕರುಳಿನಲ್ಲಿ ಆರೇಳು ವಾರಕ್ಕೆ ಅವು ಬೆಳೆದು, ಮಲದೊಂದಿಗೆ ಮೊಟ್ಟೆ ಬೀಳತೊಡಗುತ್ತವೆ. ನಾಯಿ ಮಾತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ. ಆ ಮೊಟ್ಟೆ ಹುಲ್ಲಿಗೆ, ನೀರಿಗೆ, ಕಾಯಿಪಲ್ಯಕ್ಕೆ, ನಾಯಿಯ ಮೈ ಸವರಿದ ಮಕ್ಕಳ ಕೈಗೆ ಅಂಟುತ್ತವೆ. ಮನುಷ್ಯನ ಹೊಟ್ಟೆ ಸೇರಿದರೆ ಅಂಥದೇ ಗುಳ್ಳೆ ಅವನ ಲಿವರಿನಲ್ಲೋ ಪುಪ್ಪುಸದಲ್ಲೋ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಬಹಳ ಜನರಿಗೆ ಕೊನೆಗೆ ಆಪರೇಷನ್ನೇ ಗತಿ.

ಹಸಿ ತಲೆಯೂ ಅಷ್ಟೇ. ಕುರಿ ತಲೆ ವಾರೆ ಮಾಡಿ ಒಂದೇ ಕಡೆ ಗರಗರ ತಿರುಗಿ ಸಾಯುವ ರೋಗಕ್ಕೆ ಮೆದುಳಿನ ಗುಳ್ಳೆ ಕಾರಣ. ಆ ಮೆದುಳು ತಿಂದ ನಾಯಿ ರೋಗವನ್ನು ಮತ್ತೆ ಹಿಂಡಿಗೇ ಮುಟ್ಟಿಸುತ್ತದೆ.

'ನಮಗ ಕುರಿ ಇಲ್ಲ' ಎನ್ನುವವರೂ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಿಸುತ್ತೇವೆ. ಕುರಿಗಳ ಬೆನ್ನಿಗೆ ನಾಯಿಗಳೂ ಬರುತ್ತವಲ್ಲ!

ಹಾಗಂತ ನಾಯಿಗೆ ಮಾಂಸವೇ ಬೇಡ ಎನ್ನುತ್ತಿಲ್ಲ. ಮಾಂಸವನ್ನೂ ಒಳಾಂಗವನ್ನೂ ಸಣ್ಣಗೆ ಹೆಚ್ಚಿ, ಮುಕ್ಕಾಲು ತಾಸು ಕುದಿಸಿ ಹಾಕಿ. ಗುಳ್ಳೆ ಇದ್ದದ್ದನ್ನು ಸುಡಿ, ಇಲ್ಲವೇ ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ಎಲುಬನ್ನು ಮಾತ್ರ ಬೇಯಿಸಿ ಹಾಕಬೇಡಿ. ಬೆಂದ ಎಲುಬು, ಅದರಲ್ಲೂ ಕೋಳಿಯದು, ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಪಶುವೈದ್ಯರನ್ನು ಕೇಳಿ, ನಾಯಿಯ ತೂಕಕ್ಕೆ ತಕ್ಕಂತೆ ಪ್ರಾಜಿಕ್ವಾಂಟೆಲ್ ಮಾತ್ರೆಯನ್ನು ವರ್ಷಕ್ಕೆ ನಾಲ್ಕು ಸಲವಾದರೂ ಕೊಡಿ. ಮಾತ್ರೆ ಹುಳ ಕೊಲ್ಲುತ್ತದೆ, ಮೊಟ್ಟೆ ಕೊಲ್ಲುವುದಿಲ್ಲ. ಆಮೇಲಿನ ಎರಡು-ಮೂರು ದಿನದ ಮಲ ಹೂಳಬೇಕು.

ಇದು ಆಗದ ಕೆಲಸವಲ್ಲ. ಕುರಿ ಸಾಕಣೆಗೇ ಹೆಸರಾದ ನ್ಯೂಜಿಲೆಂಡ್ 1959ರಲ್ಲಿ ಕಾಯ್ದೆ ಮಾಡಿ, ನಾಯಿಗೆ ಹಸಿ ಒಳಾಂಗ ಹಾಕುವುದನ್ನು ತಡೆದು, ನಾಯಿಗಳಿಗೆ ಔಷಧಿ ಹಾಕಿಸುತ್ತ ಬಂತು. 2002ರಲ್ಲಿ ತಾತ್ಕಾಲಿಕವಾಗಿ ರೋಗಮುಕ್ತ ಎಂದು ಘೋಷಿಸಿಕೊಂಡಿತು.

ನಮಗೆ ಅಷ್ಟು ದೊಡ್ಡ ಕಾಯ್ದೆ ಬರುವತನಕ ಕಾಯುವುದು ಬೇಡ. ಜಾತ್ರೆಗೆ, ದೇವರ ಕಾರ್ಯಕ್ಕೆ ಕುರಿ ಕೊಯ್ಯುವವರು ಮೊದಲು ತಗ್ಗು ತೋಡಲಿ, ಆಮೇಲೆ ಕತ್ತಿ ಹಿಡಿಯಲಿ. ಮಟನ್ ಅಂಗಡಿಯವರಿಗೆ ಪಂಚಾಯ್ತಿಯವರು 'ತಗ್ಗು ಎಲ್ಲೈತಿ?' ಅಂತ ಕೇಳಲಿ. ಕೇಳದಿದ್ದರೆ ನಾವೇ ಕೇಳೋಣ.