ಹಿತ್ತಲಿಗೆ ಒಂದು ಗುಂಟೆ

ಈಚೆಗೆ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು, ಅಡಿಕೆ ಮತ್ತು ಮೆಣಸಿನ ಧಾರಣೆ ವಿಚಾರಿಸಿದ ಬಳಿಕ, ಒಂದು ಹೊಸ ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ಅದು ‘ಲೆಮನ್ ಬಾಮ್’ ಎಂಬ ಸೊಪ್ಪಿನ ವಿಷಯ. ಪಟ್ಟಣದ ಅಂಗಡಿಗಳಲ್ಲಿ ಇದರ ಒಣ ಎಲೆಯನ್ನು ಸಣ್ಣ ಪೊಟ್ಟಣಗಳಲ್ಲಿ ತುಂಬಿ, ಗಿಡಮೂಲಿಕೆಯ ಚಹಾ ಎಂದು ಹೆಸರಿಟ್ಟು, ಒಳ್ಳೆಯ ಬೆಲೆಗೆ ಮಾರುವುದನ್ನು ಕೆಲವರು ಕಂಡು ಬಂದಿದ್ದಾರೆ. ಸಂಘದಿಂದ ಸಸಿ ತರಿಸಿಕೊಡುವಿರಾ, ಒಣಗಿಸಿದ ಎಲೆಯನ್ನು ಸಂಘವೇ ಕೊಂಡುಕೊಳ್ಳುವುದೇ, ಎಕರೆಗೆ ಎಷ್ಟು ಬಂದೀತು, ಇವು ಅವರ ಪ್ರಶ್ನೆಗಳು. ಹಿರಿಯ ಸದಸ್ಯರೊಬ್ಬರು ಮಾತ್ರ ಹೆಸರು ಕೇಳಿ, ಇದು ಹಣೆಗೆ ಹಚ್ಚುವ ಬಾಮಿನ ಸಮಾಚಾರವೆಂದೇ ತಿಳಿದು, ಅದಕ್ಕೂ ತೋಟಕ್ಕೂ ಏನು ಸಂಬಂಧ ಎಂದು ನಮ್ಮನ್ನೇ ಕೇಳಿದರು.

ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರ ಕೊಡುವ ಬದಲು ಇಲ್ಲಿ ಬರೆಯುವುದು ಮೇಲೆಂದು ತೋರಿತು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಗಿಡವನ್ನು ಮನೆಯ ಹಿತ್ತಲಲ್ಲಿ ಅವಶ್ಯ ಬೆಳೆಯಿರಿ. ಮಾರಾಟಕ್ಕೆಂದು ಬೆಳೆಯಬೇಡಿ. ಆದರೆ ಬೆಳೆಯುವ ಮೊದಲು, ಅದನ್ನು ನೆಡಲು ನಮಗೆ ಹಿತ್ತಲು ಎಂಬುದು ಉಳಿದಿದೆಯೇ ಎಂದು ಒಮ್ಮೆ ಹಿಂಬಾಗಿಲು ತೆರೆದು ನೋಡಿರಿ.

ಗಿಡದ ಪರಿಚಯ ಇಷ್ಟು. ಇದು ಪುದೀನ, ತುಳಸಿ, ದೊಡ್ಡಪತ್ರೆಗಳ ಕುಲಕ್ಕೆ ಸೇರಿದ್ದು. ಮೂಲ ನೆಲೆ ದಕ್ಷಿಣ ಯುರೋಪು ಮತ್ತು ಪಶ್ಚಿಮ ಏಷ್ಯ. 1753ರಲ್ಲಿ ಲಿನೇಯಸ್ ಕೊಟ್ಟ ಶಾಸ್ತ್ರೀಯ ಹೆಸರು ಮೆಲಿಸ್ಸ ಅಫಿಸಿನಾಲಿಸ್. ಗ್ರೀಕ್ ಭಾಷೆಯಲ್ಲಿ ಮೆಲಿಸ್ಸ ಎಂದರೆ ಜೇನುನೊಣ. ಇದರ ಸಣ್ಣ ಬಿಳಿಯ ಹೂವಿಗೆ ಜೇನು ಮುತ್ತುವುದರಿಂದ ಆ ಹೆಸರು. ನಮ್ಮ ದೇಶಕ್ಕೂ ಇದು ತೀರ ಅಪರಿಚಿತವಲ್ಲ. ಯುನಾನಿ ವೈದ್ಯರು ಬಾದ್ರಂಜಬೂಯ ಎಂಬ ಹೆಸರಿನಲ್ಲಿ ಇದನ್ನು ಬಹು ಕಾಲದಿಂದ ಬಲ್ಲರು. ಗಿಡ ಎರಡು ಅಡಿಯಷ್ಟು ಎತ್ತರಕ್ಕೆ ಪೊದೆಯಾಗಿ ಬೆಳೆಯುತ್ತದೆ. ಎಲೆ ಪುದೀನದಂತೆ ಸುಕ್ಕುಸುಕ್ಕು. ಬೆರಳಲ್ಲಿ ಹೊಸಕಿದರೆ ನಿಂಬೆಯ ಕಂಪು.

ಬೀಜ ಬಹಳ ಸಣ್ಣದು. ಮಣ್ಣಿನಲ್ಲಿ ಆಳಕ್ಕೆ ಹೂಳದೆ ಮೇಲೆಯೇ ಉದುರಿಸಿ, ನೀರು ಚಿಮುಕಿಸುತ್ತಿದ್ದರೆ ಎರಡು ಮೂರು ವಾರಗಳಲ್ಲಿ ಮೊಳೆಯುತ್ತದೆ. ಒಂದು ಗಿಡ ಸಿಕ್ಕಿತೆಂದರೆ ಬೀಜದ ಗೊಡವೆ ಬೇಡ. ಎಳೆಯ ಕಡ್ಡಿಯನ್ನು ನೆಟ್ಟರೂ, ಬುಡವನ್ನು ಸೀಳಿ ನೆಟ್ಟರೂ ಹತ್ತುತ್ತದೆ. ಮಲೆನಾಡಿನ ತಂಪು ಇದಕ್ಕೆ ಹಿತ. ಆದರೆ ಮಲೆನಾಡಿನ ಮಳೆ ಹಿತವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಬಿಟ್ಟರೆ ಬುಡ ಕೊಳೆತುಹೋಗುತ್ತದೆ. ಆದುದರಿಂದ ತಳದಲ್ಲಿ ತೂತಿರುವ ಕುಂಡದಲ್ಲಿ, ಕಾಲು ಭಾಗ ಮರಳು ಬೆರೆಸಿದ ಗೊಬ್ಬರದ ಮಣ್ಣಿನಲ್ಲಿ ನೆಟ್ಟು, ಮಳೆಗಾಲದಲ್ಲಿ ಸೂರಿನಡಿಗೆ ಸರಿಸಿಡುವುದು ಲೇಸು. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಾಕು. ಹೂ ಬಿಡುವ ಮೊದಲು ತುದಿ ಚಿವುಟುತ್ತಿದ್ದರೆ ಹೊಸ ಚಿಗುರು ಬರುತ್ತದೆ, ಎಲೆಯಲ್ಲಿ ಕಂಪೂ ಹೆಚ್ಚಾಗಿರುತ್ತದೆ.

ನಮ್ಮ ಮನೆಗೆ ಈ ಗಿಡ ಬಂದದ್ದು ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಗ. ಅವಳ ಮದುವೆಯಾದ ಮೇಲೆ ಅದರ ಒಂದು ಕುಂಡ ಅವಳ ಜೊತೆಗೆ ಮೇಲವಂಕಿಗೆ ಹೋಯಿತು. ಮೇಲವಂಕಿ ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯ ಹಳ್ಳಿ. ನಮ್ಮಂತೆ ಕಾಫಿ, ಅಡಿಕೆಯ ನಾಡಲ್ಲ. ಕಬ್ಬು, ಗೋವಿನಜೋಳಗಳ ಬಯಲುಸೀಮೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಚೈತ್ರ ಮುಗಿಯುವುದರೊಳಗೆ ಗಿಡ ಬಾಡಿ ಕಡ್ಡಿಯಾಯಿತೆಂದು ಮಗಳು ಫೋನಿನಲ್ಲಿ ತಿಳಿಸಿದಾಗ, ಅದು ಅಲ್ಲಿಗೆ ಮುಗಿಯಿತೆಂದೇ ನಾವು ಭಾವಿಸಿದ್ದೆವು.

ಆದರೆ ಆ ಮನೆಯ ಹಿರಿಯರಾದ ನಮ್ಮ ಬೀಗಿತ್ತಿ ಅದನ್ನು ಎಸೆಯಗೊಡಲಿಲ್ಲ. “ತಂಪ ಸೀಮಿ ಗಿಡ ಐತಿ ಇದು. ಹರವಿ ಬಾಜೂಕ ಇಟ್ಟರ ಬದಕತೈತಿ” ಎಂದು ಹೇಳಿ, ಕುಡಿಯುವ ನೀರಿನ ಹರವಿಗಳ ಪಕ್ಕದಲ್ಲಿ, ಹನಿ ತೊಟ್ಟಿಕ್ಕುವ ನೆರಳಿನಲ್ಲಿ ಇಟ್ಟರಂತೆ. ಮಳೆ ಬಿದ್ದ ಮೇಲೆ ಬುಡದಿಂದ ಚಿಗುರು ಬಂತು. ಮೊಮ್ಮಗನ ಜವಳಕ್ಕೆ ನಾವು ಹೋದಾಗ ಅದು ಮೊಳದೆತ್ತರದ ಪೊದೆಯಾಗಿ, ಅದರ ಸಸಿಗಳು ಹಿತ್ತಲ ತುಳಸಿ, ದೊಡ್ಡಪತ್ರೆಗಳ ಸಾಲಿಗೂ ಸೇರಿದ್ದವು. ಆ ಮನೆಯಲ್ಲಿ ಮೊದಲಿನಿಂದಲೂ ಬಚ್ಚಲ ನೀರು ಹರಿಯುವಲ್ಲಿ ಒಂದು ದೊಡ್ಡ ಹುಲ್ಲಿನ ಮೆಳೆ ಇದೆ. ಅದೇ ನಮ್ಮ ಮಜ್ಜಿಗೆ ಹುಲ್ಲು. ಆ ಕಡೆ ಮರಾಠಿಯ ಬಳಕೆಯಂತೆ ಗವತಿ ಚಹಾ ಎನ್ನುತ್ತಾರೆ. ಚಹಾ ಕುದಿಸುವಾಗ ಎರಡು ಎಳೆ ಹಾಕದೆ ಅವರಿಗೆ ಚಹಾ ಆಗುವುದಿಲ್ಲ. ನಮಗೆ ಎರಡು ದಿನ ಆ ಚಹಾವೂ ಸಿಕ್ಕಿತು, ಈ ಸೊಪ್ಪಿನ ಕಷಾಯವೂ ಸಿಕ್ಕಿತು. ಕಂಪಿನಲ್ಲಿ ಎರಡೂ ದಾಯಾದಿಗಳೇ ಸರಿ.

ಮರುವರ್ಷ ನಾವು ಮತ್ತೆ ಹೋದಾಗ ಆ ಸಾಲು ಇರಲಿಲ್ಲ. ಮನೆಗೆ ಹೊಂದಿದ ಹೊಲದ ಕಬ್ಬಿಗೆ, ಅಗಲ ಎಲೆಯ ಕಳೆ ಸಾಯಲೆಂದು, 2,4-ಡಿ ಎಂಬ ಕಳೆನಾಶಕ ಸಿಂಪಡಿಸಿದ್ದರು. ಹೊಡೆದವರು ಹೊರಗಿನವರಲ್ಲ, ಹೊಲವೂ ಅವರದೇ, ಕೈಯೂ ಅವರದೇ. ಮಧ್ಯಾಹ್ನದ ಬಿಸಿಗಾಳಿಗೆ ಅದು ಹಿತ್ತಲಿನ ಕಡೆ ಬೀಸಿತು. ಈ ಔಷಧದ ಗುಣವೆಂದರೆ ಹುಲ್ಲಿನ ಜಾತಿಯನ್ನು ಉಳಿಸಿ, ಅಗಲ ಎಲೆಯ ಗಿಡಗಳನ್ನು ಕೊಲ್ಲುವುದು. ಕಬ್ಬು ಹುಲ್ಲಿನ ಜಾತಿ, ಆದುದರಿಂದ ಉಳಿಯುತ್ತದೆ. ಹತ್ತಿ, ಟೊಮೆಟೊ, ದ್ರಾಕ್ಷಿಗಳಿಗೆ ಗಾಳಿಯಲ್ಲಿ ತೇಲಿಬಂದ ಸ್ವಲ್ಪವೂ ಸಾಕು. ಹಿತ್ತಲಲ್ಲಿ ನಡೆದದ್ದೂ ಅದೇ. ಲೆಮನ್ ಬಾಮಿನ ಕುಡಿ ತಿರುಚಿಕೊಂಡು ಒಣಗಿತು. ದೊಡ್ಡಪತ್ರೆ ಹೋಯಿತು. ಗವತಿ ಚಹಾ ಮಾತ್ರ ಏನೂ ಆಗದಂತೆ ನಿಂತಿತ್ತು. ಬೀಗಿತ್ತಿಯವರು ನಮಗೆ ಲೆಮನ್ ಬಾಮಿನ ಸುದ್ದಿ ಹೇಳಲಿಲ್ಲ. “ಕಬ್ಬಿಗಿ ಹೊಡದ ಎಣ್ಣಿ ನಮ್ಮ ತುಳಸಿಗೂ ಹತ್ತೇತ್ರಿ ಬೀಗರ” ಎಂದು ಅಷ್ಟೇ ಹೇಳಿ, ಬರಿಯ ಕಟ್ಟೆಯನ್ನು ತೋರಿಸಿದರು. ಪಕ್ಕದಲ್ಲಿ ನಿಂತಿದ್ದ ಮಗ ಮಾತಾಡಲಿಲ್ಲ.

ಆ ಹೊತ್ತಿಗೆ ನಮಗೂ ಮಾತು ಹೊರಡಲಿಲ್ಲ. ಏಕೆಂದರೆ ನಮ್ಮ ಮನೆಯ ಹಿತ್ತಲಿನ ಲೆಕ್ಕ ಅದಕ್ಕಿಂತ ಉತ್ತಮವಾಗಿಲ್ಲ. ನಮ್ಮ ತಾಯಿಯವರ ಕಾಲದಲ್ಲಿ ಅಡಿಗೆಮನೆಯ ಬಾಗಿಲಿನಿಂದ ಬಾವಿಕಟ್ಟೆಯವರೆಗೆ ಒಂದೆಲಗ, ದೊಡ್ಡಪತ್ರೆ, ಮಜ್ಜಿಗೆ ಹುಲ್ಲು, ಕಾಮಕಸ್ತೂರಿ, ಬಸಳೆ, ಶುಂಠಿ, ಅರಿಸಿನ ಎಲ್ಲವೂ ಇದ್ದವು. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಆ ಜಾಗಕ್ಕೂ ಸಸಿ ಇಟ್ಟವರು ನಾವೇ. ತಾಯಿಯವರನ್ನು ಕೇಳಿ ಇಡಲಿಲ್ಲ. ಈಗ ಕೊಳೆರೋಗಕ್ಕೆ ಮಳೆಯ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ಶೇಕಡ 1ರ ಬೋರ್ಡೋ ದ್ರಾವಣ ಹೊಡೆಯುವಾಗ, ಅಡಿಗೆಮನೆಯ ಹಂಚಿನ ಮೇಲೂ ನೀಲಿಯ ಕಲೆ ಬೀಳುತ್ತದೆ. ಹೀಗಿರುವಲ್ಲಿ ಹಸಿ ಸೊಪ್ಪನ್ನು ಚಿವುಟಿ ತಂಬುಳಿಗೆ ಅರೆಯಲು ಯಾರಿಗೆ ಧೈರ್ಯ ಬಂದೀತು? ಬೋರ್ಡೋ ಹೊಡೆಯಬೇಡಿ ಎಂದು ನಾವು ಹೇಳುತ್ತಿಲ್ಲ. ಅದಿಲ್ಲದೆ ಅಡಿಕೆ ಉಳಿಯದು. ಹೊಡೆಯುವ ಮರ ಒಲೆಯ ಹತ್ತಿರಕ್ಕೆ ಬರಬೇಕಾಗಿರಲಿಲ್ಲ ಎಂಬುದಷ್ಟೇ ನಮ್ಮ ಮಾತು.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು, ಕೈಯಲ್ಲಿರುವುದರ ಬೆಲೆ ತಿಳಿಯದವರನ್ನು ಕುರಿತು ಹಿರಿಯರು ಹೇಳಿದರು. ನಾವು ಹಿತ್ತಲನ್ನೇ ತೆಗೆದು, ಆ ಕಂಪನ್ನು ಪೊಟ್ಟಣದಲ್ಲಿ ಕೊಳ್ಳುವ ಹಂತಕ್ಕೆ ಬಂದಿದ್ದೇವೆ.

ಇನ್ನು ಮಾರಾಟದ ಪ್ರಶ್ನೆ. ಲೆಮನ್ ಬಾಮಿನ ಎಲೆಯಲ್ಲಿ ಪರಿಮಳದ ಎಣ್ಣೆ ಬಹಳ ಕಡಮೆ. ಒಂದು ಟನ್ ಹಸಿ ಸೊಪ್ಪನ್ನು ಬಟ್ಟಿ ಇಳಿಸಿದರೂ ಒಂದು ಕಿಲೋ ಎಣ್ಣೆ ಸಿಗುವುದು ದುರ್ಲಭ. ಅದರ ಬೆಲೆ ಹೆಚ್ಚಿರುವುದಕ್ಕೆ ಕಾರಣ ಇದೇ. ಮತ್ತು ಅದರ ಹೆಸರಿನಲ್ಲಿ ಅಗ್ಗದ ನಿಂಬೆಹುಲ್ಲಿನ ಎಣ್ಣೆ ಬೆರೆಸಿ ಮಾರುವ ಮೋಸ ಲೋಕದಾದ್ಯಂತ ಇರುವುದಕ್ಕೂ ಕಾರಣ ಇದೇ. ಎರಡರಲ್ಲೂ ನಿಂಬೆಯ ಕಂಪು ಕೊಡುವ ವಸ್ತು ಸಿಟ್ರಾಲ್. ನಿಂಬೆಹುಲ್ಲಿನ ಎಣ್ಣೆಯಲ್ಲಿ ಅದು ಶೇಕಡ 70ರಿಂದ 80ರಷ್ಟು ಇರುತ್ತದೆ. ಒಣಗಿಸಿದ ಎಲೆಯ ಕಂಪು ಬೇಗ ಹಾರಿಹೋಗುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಅದನ್ನು ಬೂಷ್ಟು ಹಿಡಿಯದಂತೆ ಒಣಗಿಸಲು ಯಂತ್ರ ಬೇಕು. ಇಷ್ಟೆಲ್ಲ ವೆಚ್ಚ ಮಾಡಿದ ಮೇಲೆ ಕೊಳ್ಳುವವರು ಯಾರು ಎಂಬುದಕ್ಕೆ ಇಂದು ನಮ್ಮಲ್ಲಿ ಉತ್ತರವಿಲ್ಲ.

ವೆನಿಲಾದ ಕಥೆಯನ್ನು ಸದಸ್ಯರು ಮರೆತಿರಲಾರರು. 2000ದಲ್ಲಿ ಮಡಗಾಸ್ಕರ್ ದ್ವೀಪದ ಬೆಳೆ ಚಂಡಮಾರುತಕ್ಕೆ ಸಿಕ್ಕಿ ಹಾಳಾಯಿತು. 2003ರ ಹೊತ್ತಿಗೆ ಇಲ್ಲಿ ಹಸಿ ಕೋಡು ಕಿಲೋಗೆ ಸಾವಿರಾರು ರೂಪಾಯಿಗೆ ಹೋಯಿತು. ಬಳ್ಳಿಯ ತುಂಡಿಗೂ ಕಾವಲು ಹಾಕಬೇಕಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಕೋಡನ್ನು ಕೇಳುವವರೇ ಇಲ್ಲವಾದರು. ಬೆಳಗಾವಿಯ ಕಡೆ ಮಾಕಂದಿ ಬೇರನ್ನು ಬೆಳೆದವರೂ ಇದ್ದಾರೆ. ಅದೂ ಇದೇ ಕುಲದ ಗಿಡ. ಆದರೆ ಅಲ್ಲಿ ಕಂಪನಿಗಳ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡು ಬೆಳೆಯುವ ಪದ್ಧತಿ ನಡೆದಿತ್ತು. ಕೊಳ್ಳುವವನು ಗೊತ್ತಾಗುವ ಮೊದಲೇ ಸಂಘದ ಹಣದಿಂದ ಸಸಿ ತರಿಸುವ ಕೆಲಸವನ್ನು ಕಾರ್ಯದರ್ಶಿಯಾಗಿ ನಾವು ಮಾಡಲಾರೆವು. ಇದರಿಂದ ಕೆಲವರಿಗೆ ಬೇಸರವಾಗಬಹುದು, ಕ್ಷಮಿಸಬೇಕು.

ಮನೆಯ ಬಳಕೆಗೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಹತ್ತು ಹನ್ನೆರಡು ಎಲೆಗಳನ್ನು ಕೈಯಿಂದ ಹರಿದು ಲೋಟಕ್ಕೆ ಹಾಕಿ, ಒಲೆಯಿಂದ ಇಳಿಸಿದ ಬಿಸಿ ನೀರು ಹೊಯ್ದು, ಐದು ನಿಮಿಷ ಮುಚ್ಚಿಡಬೇಕು. ಕುದಿಸಿದರೆ ಕಂಪೆಲ್ಲ ಆವಿಯ ಜೊತೆ ಹೋಗುತ್ತದೆ. ಬೆಲ್ಲವನ್ನೋ ಜೇನನ್ನೋ ಸೇರಿಸಬಹುದು. ಹಸಿ ಎಲೆಯನ್ನು ತೆಂಗಿನತುರಿ, ಜೀರಿಗೆಯ ಜೊತೆ ಅರೆದು ಮಜ್ಜಿಗೆಗೆ ಕದಡಿದರೆ ತಂಬುಳಿಯಾಗುತ್ತದೆ. ಪಾನಕಕ್ಕೂ ನಾಲ್ಕು ಎಲೆ ಚೆನ್ನ. ಮನಸ್ಸಿಗೆ ಸ್ವಲ್ಪ ನೆಮ್ಮದಿ, ನಿದ್ರೆಗೆ ಅನುಕೂಲ ಎಂಬ ಹೆಸರು ಇದಕ್ಕೆ ಹಿಂದಿನಿಂದ ಇದೆ. ಸಣ್ಣ ಪ್ರಮಾಣದ ಪರೀಕ್ಷೆಗಳಲ್ಲಿ ಆ ಕಡೆಗೆ ಕೆಲವು ಸೂಚನೆಗಳೂ ಕಂಡಿವೆ. ಆದರೆ ಇದು ರೋಗಕ್ಕೆ ಔಷಧವಲ್ಲ. ಥೈರಾಯ್ಡ್ ಮಾತ್ರೆ, ನಿದ್ರೆ ಮಾತ್ರೆ ತೆಗೆದುಕೊಳ್ಳುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ನಿತ್ಯ ಕುಡಿಯಬಾರದು.

ಲೆಮನ್ ಬಾಮ್ ಸಿಗಲಿಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಮಜ್ಜಿಗೆ ಹುಲ್ಲಿನ ಒಂದು ಬುಡ, ದೊಡ್ಡಪತ್ರೆಯ ಒಂದು ಕಡ್ಡಿ ನೆರೆಮನೆಯಲ್ಲಿ ಕೇಳಿದರೆ ಸಿಕ್ಕೀತು. ಗಿಡ ಯಾವುದೆಂಬುದು ಎರಡನೆಯ ಮಾತು. ಅದಕ್ಕೆ ಜಾಗವಿರಬೇಕೆಂಬುದು ಮೊದಲನೆಯದು.

ಆದುದರಿಂದ ನಮ್ಮ ಸಲಹೆ ಇದು. ಪ್ರತಿಯೊಬ್ಬ ಸದಸ್ಯರೂ ಅಡಿಗೆಮನೆಯ ಹಿಂದೆ ಒಂದು ಗುಂಟೆಯನ್ನು ಹಿತ್ತಲಿಗೆಂದು ಬಿಡಲಿ. ಅಲ್ಲಿ ಕಳೆನಾಶಕ ಬೇಡ, ಸಿಂಪಡಣೆ ಬೇಡ. ಪಕ್ಕದ ಸಾಲಿಗೆ ಹೊಡೆಯುವಾಗ ಗಾಳಿ ಯಾವ ಕಡೆಗಿದೆ ಎಂದು ನೋಡಿ, ಬೆಳಗಿನ ಹೊತ್ತು ಹೊಡೆಯಲಿ. ಒಂಬತ್ತು ಅಡಿಯ ಅಂತರದ ಲೆಕ್ಕದಲ್ಲಿ ಒಂದು ಗುಂಟೆಗೆ ಹದಿಮೂರು ಅಡಿಕೆ ಮರ. ಹದಿಮೂರು ಮರದ ಫಸಲು ಹೋದರೆ ಯಾವ ಮನೆಯೂ ಮುಳುಗದು. ಏನು ನೆಡಬೇಕೆಂಬುದನ್ನು ಮಾತ್ರ ಯಜಮಾನರು ನಿರ್ಧರಿಸುವುದು ಬೇಡ. ಆ ಜಾಗವನ್ನು ನೋಡಿಕೊಳ್ಳುವ ಹೆಂಗಸರನ್ನು ಕೇಳಲಿ. ನಾವು ಕೇಳದೆ ಮಾಡಿದ ತಪ್ಪನ್ನು ಇತರರು ಮಾಡುವುದು ಬೇಡ.

ಈ ವರ್ಷದ ಕೊಯ್ಲು ಮುಗಿದ ಮೇಲೆ ನಮ್ಮ ಮನೆಯ ಹಿಂದಿನ ಎರಡು ಸಾಲನ್ನು ತೆಗೆಸುವುದೆಂದು ನಿಶ್ಚಯಿಸಿದ್ದೇವೆ. ಮೇಲವಂಕಿಗೆ ತುಳಸಿಯ ಸಸಿಯ ಜೊತೆ ಲೆಮನ್ ಬಾಮಿನ ಇನ್ನೊಂದು ಕುಂಡವನ್ನೂ ಕಳುಹಿಸಿದ್ದೇವೆ. ಅದು ಮತ್ತೆ ಹರವಿಯ ಪಕ್ಕದಲ್ಲಿದೆಯಂತೆ. ನಮ್ಮಲ್ಲಿ ಉಳಿದಿರುವ ಗಿಡಗಳಿಂದ ಕಡ್ಡಿಗಳನ್ನು ಬೇರು ಬರಿಸಿ ಸಂಘದ ಕಚೇರಿಯಲ್ಲಿ ಇಡುತ್ತೇವೆ. ಬೇಕಾದವರು ಬಂದು ಒಯ್ಯಬಹುದು, ಹಣ ಕೊಡಬೇಕಾಗಿಲ್ಲ. ತಮ್ಮ ಹಿತ್ತಲಿನ ಸೊಪ್ಪುಗಳ ವಿಷಯವಾಗಿ ಸದಸ್ಯರ ಮನೆಯವರು ಬರೆದು ಕಳುಹಿಸಿದರೆ ಈ ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.